ಕ್ಯಾಲಿಫೋರ್ನಿಯಾ ಶಿಲ್ಪ ಸೆರಾಮಿಕ್

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮುಖ್ಯವಾಗಿ ಲಾಸ್ ಏಂಜಲಿಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಸುಪಾಸಿನಲ್ಲಿ, 20ನೆಯ ಶತಮಾನದ ನಡುಭಾಗದಿಂದ ಬೆಳೆದುಬಂದ ಸುಟ್ಟ ಮಣ್ಣಿನ ಶಿಲ್ಪಕಲೆ. ಬಟ್ಟಲು, ಹೂಜಿ, ಲೋಟಗಳ ಆಕಾರದಿಂದಲೇ ಹೊರಟು, ಅವುಗಳ ಉಪಯೋಗವನ್ನು ಬದಿಗಿಟ್ಟು, ಮಣ್ಣಿಗೆ ಶಿಲ್ಪದ ಸ್ಥಾನ ಕೊಟ್ಟದ್ದು ಇದರ ಹೆಗ್ಗಳಿಕೆ. ಒರಟು ಮೈ, ಪ್ರಯೋಗದಿಂದ ಪಡೆದ ಗ್ಲೇಜ್, ಕಣ್ಣು ಸೆಳೆಯುವ ಗಾಢ ಬಣ್ಣ ಇದರ ಗುರುತುಗಳು.

ಈ ಕಲೆಯ ಚರಿತ್ರೆಯನ್ನು 1954ರಿಂದ, ಪೀಟರ್ ವೌಲ್ಕೋಸ್ ಲಾಸ್ ಏಂಜಲಿಸಿಗೆ ಬಂದ ವರ್ಷದಿಂದ, ಹೇಳುವುದು ರೂಢಿ. ಆಕಾರದ ಮಟ್ಟಿಗೆ ಅದು ಸರಿ. ಆದರೆ ಮೈಯ ಚರಿತ್ರೆ, ಅಂದರೆ ಗ್ಲೇಜಿನ ಮತ್ತು ಬಣ್ಣದ ಚರಿತ್ರೆ, ಅದಕ್ಕಿಂತ 16 ವರ್ಷ ಹಿಂದೆ, ವಿಯೆನ್ನಾದಿಂದ ಬಂದಿಳಿದ ದಂಪತಿಗಳಿಬ್ಬರಿಂದ ಆರಂಭವಾಗುತ್ತದೆ. ಮಣ್ಣಿನ ಶಿಲ್ಪದ ಮೇಲಿನ ಬಣ್ಣವನ್ನು ಬೆಂಕಿ ತೀರ್ಮಾನಿಸಬೇಕೋ ಕೈ ತೀರ್ಮಾನಿಸಬೇಕೋ ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ ಈ ಪರಂಪರೆಯ ಮುಖ್ಯ ಕಲಾವಿದರೆಲ್ಲ ಒಂದೇ ದಾರಿಯಲ್ಲಿ ಸಿಗುತ್ತಾರೆ.

ಗ್ಲೇಜಿನ ಸ್ವಭಾವ

ಗ್ಲೇಜ್ ಎಂದರೆ ಮಣ್ಣಿನ ಮೈಗೆ ಕರಗಿ ಅಂಟಿಕೊಂಡ ಗಾಜು. ಅದರ ತಿರುಳು ಬೆಣಚುಕಲ್ಲಿನಲ್ಲಿರುವ ಸಿಲಿಕ. ಸಿಲಿಕ ಒಂದೇ ಇದ್ದರೆ 1,700 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆಯೇ ಕರಗುತ್ತದೆ. ಅಷ್ಟು ಕಾವನ್ನು ಯಾವ ಕುಂಬಾರನ ಆವಿಗೆಯೂ ಕೊಡಲಾರದು. ಸೋಡ, ಪೊಟ್ಯಾಶ್, ಸುಣ್ಣ, ಬೋರಾನ್, ಸೀಸ ಇವುಗಳಲ್ಲಿ ಯಾವುದನ್ನಾದರೂ ಬೆರೆಸಿದಾಗ ಕರಗುವ ಉಷ್ಣತೆ ಕೆಳಗಿಳಿಯುತ್ತದೆ. ಜೇಡಿಯಿಂದ ಬರುವ ಅಲ್ಯೂಮಿನ ಕರಗಿದ ಗಾಜು ಪಾತ್ರೆಯ ಮೈಮೇಲಿಂದ ಇಳಿದುಹೋಗದಂತೆ ಹಿಡಿದಿಡುತ್ತದೆ.

ಬಣ್ಣ ಬರುವುದು ಲೋಹದ ಆಕ್ಸೈಡ್‌ಗಳಿಂದ. ಕೋಬಾಲ್ಟ್ ಶೇಕಡಾ 1ಕ್ಕಿಂತ ಕಡಿಮೆಯಿದ್ದರೂ ದಟ್ಟ ನೀಲಿ ಕೊಡುತ್ತದೆ. ತಾಮ್ರದ ಬಣ್ಣ ಅದು ಸೇರಿದ ಗಾಜನ್ನು ಅವಲಂಬಿಸಿದೆ: ಸೀಸದ ಗಾಜಿನಲ್ಲಿ ಎಲೆಹಸಿರು, ಸೋಡದ ಗಾಜಿನಲ್ಲಿ ನವಿಲುಬಣ್ಣಕ್ಕೆ ಹತ್ತಿರದ ನೀಲಿ. ಆವಿಗೆಯೊಳಗೆ ಗಾಳಿ ಸಾಲದೆ ಹೊಗೆ ತುಂಬಿದರೆ, ಎಂದರೆ ಅಪಕರ್ಷಣ ನಡೆದರೆ, ಅದೇ ತಾಮ್ರ ರಕ್ತಗೆಂಪಾಗುತ್ತದೆ. ಕಬ್ಬಿಣ ಜೇನುಬಣ್ಣದಿಂದ ಕಪ್ಪಿನವರೆಗೂ, ಅಪಕರ್ಷಣದಲ್ಲಿ ತಿಳಿಹಸಿರಿನವರೆಗೂ ಓಡಾಡುತ್ತದೆ. ಹಚ್ಚುವಾಗ ಬೂದಿಬಣ್ಣದ ಗಂಜಿಯಂತಿದ್ದದ್ದು ಹೊರಬರುವಾಗ ಏನಾಗಿರುತ್ತದೆಂಬುದನ್ನು ಅನುಭವಿ ಕುಂಬಾರನೂ ಆವಿಗೆಯ ಬಾಗಿಲು ತೆರೆದ ಮೇಲೆಯೇ ಖಚಿತವಾಗಿ ಹೇಳಬಲ್ಲ. ಶಿಲ್ಪಿಗೆ ಇದು ದೊಡ್ಡ ತೊಡಕು. ಚಿತ್ರಕಾರನಿಗೆ ತಾನು ಹಚ್ಚುವ ಬಣ್ಣ ಹಚ್ಚುವಾಗಲೇ ಕಾಣುತ್ತದೆ, ಇವನಿಗೆ ಕಾಣುವುದಿಲ್ಲ.

ನಾಟ್ಸ್‌ಲರ್ ದಂಪತಿ ಮತ್ತು ಕುಳಿ ಗ್ಲೇಜ್

ಗರ್ಟ್ರೂಡ್ (1908–1971) ಮತ್ತು ಓಟೋ ನಾಟ್ಸ್‌ಲರ್ (1908–2007) ಇಬ್ಬರೂ ವಿಯೆನ್ನಾದವರು. ಪರಿಚಯವಾದದ್ದು 1933ರಲ್ಲಿ. ಗುರುಮುಖದಲ್ಲಿ ಕಲಿತದ್ದು ಅಲ್ಪ. ಉಳಿದದ್ದೆಲ್ಲ ಸ್ವಂತ ದುಡಿಮೆ. 1937ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಬೆಳ್ಳಿ ಪದಕ ಬಂತು. ಮರುವರ್ಷ ನಾಜಿ ಜರ್ಮನಿ ಆಸ್ಟ್ರಿಯಾವನ್ನು ನುಂಗಿದಾಗ ಇಬ್ಬರೂ ಊರು ಬಿಟ್ಟು ಲಾಸ್ ಏಂಜಲಿಸ್ ಸೇರಿದರು.

ಕೆಲಸದ ಹಂಚಿಕೆ ಕೊನೆಯವರೆಗೂ ಕದಲಲಿಲ್ಲ. ತಿಗರಿ ಗರ್ಟ್ರೂಡಳದು, ಗ್ಲೇಜು ಮತ್ತು ಬೆಂಕಿ ಓಟೋನದು. ಆಕೆ ಎತ್ತಿದ ಬಟ್ಟಲುಗಳ ಗೋಡೆ ತೀರ ತೆಳು, ಅಂಚು ಇನ್ನೂ ತೆಳು. ಆತ ಜೀವಮಾನದಲ್ಲಿ ರೂಪಿಸಿದ ಗ್ಲೇಜುಗಳು 2,000ಕ್ಕೂ ಹೆಚ್ಚು. ಅವುಗಳಲ್ಲಿ ಈ ಲೇಖನಕ್ಕೆ ಮುಖ್ಯವಾದದ್ದು ಕುಳಿ ಗ್ಲೇಜ್. ನಾಟ್ಸ್‌ಲರ್ ಬಟ್ಟಲನ್ನು ಶಿಲ್ಪವೆಂದು ಒಪ್ಪಬೇಕೇ ಎಂಬ ಚರ್ಚೆ ಇದೆ. ಕುಳಿ ಗ್ಲೇಜಿನ ಬಟ್ಟಲಿನಲ್ಲಿ ಗ್ಲೇಜಿಗೇ ಏರು, ತಗ್ಗು, ನೆರಳು ಇರುವುದರಿಂದ ಒಪ್ಪಬೇಕೆಂಬುದು ಇಲ್ಲಿನ ನಿಲುವು.

ಕುಳಿ ಬೀಳುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಮೈಯೆಲ್ಲ ಗುಳ್ಳೆ ಎದ್ದ ಗ್ಲೇಜನ್ನು ಕುಂಬಾರಿಕೆಯ ಪಾಠಗಳು ಶತಮಾನಗಳಿಂದ ದೋಷವೆಂದೇ ಹೇಳುತ್ತ ಬಂದಿವೆ. ಗ್ಲೇಜು ಕರಗುವ ಹೊತ್ತಿಗೆ ಅದರೊಳಗೆ ಅನಿಲ ಹುಟ್ಟಿದರೆ ಗುಳ್ಳೆ ಏಳುತ್ತದೆ. ಏಳುವ ಗುಳ್ಳೆಗೆ ಗಾಜು ದಾರಿ ಬಿಡದಷ್ಟು ಮಂದವಾಗಿದ್ದರೆ ಅದು ಉಬ್ಬಿ ಒಡೆದು ಕುಳಿಯಾಗಿ ನಿಲ್ಲುತ್ತದೆ. ಕಾದ ಕಾವಲಿಗೆ ಹುಳಿಬಂದ ಹಿಟ್ಟು ಹೊಯ್ದಾಗ ದೋಸೆಯಲ್ಲಿ ತೂತು ಬೀಳುವುದೂ ಇದೇ ಬಗೆಯಲ್ಲಿ. ಗುಳ್ಳೆ ಒಡೆಯುವುದಕ್ಕೂ ಹಿಟ್ಟು ಗಟ್ಟಿಯಾಗುವುದಕ್ಕೂ ಕ್ಷಣ ಹೊಂದಿಕೊಂಡರೆ ಮಾತ್ರ ತೂತು ಉಳಿಯುತ್ತದೆ. ಹಿಟ್ಟು ನೀರಾಗಿದ್ದರೆ ತೂತು ಮುಚ್ಚಿಹೋಗುತ್ತದೆ.

ಸ್ಟುಡಿಯೊ ಕುಂಬಾರರು ಅನಿಲಕ್ಕಾಗಿ ಹೆಚ್ಚಾಗಿ ಬಳಸುವುದು ಸಿಲಿಕಾನ್ ಕಾರ್ಬೈಡ್. ಸಾಣೆಚಕ್ರಗಳಿಗೆ ಹಾಕುವ ಕಪ್ಪು ಪುಡಿ ಅದೇ. ಒಣ ಪದಾರ್ಥದ ತೂಕದಲ್ಲಿ ಶೇಕಡಾ 1ರಿಂದ 3ರಷ್ಟು ಸಾಮಾನ್ಯ ಪ್ರಮಾಣ. ಕಾದ ಗಾಜಿನಲ್ಲಿ ಅದು ಸುತ್ತಲಿನ ಆಕ್ಸಿಜನ್ ಸೆಳೆದುಕೊಂಡು ಸಿಲಿಕವಾಗಿ ಗಾಜಿನಲ್ಲೇ ಸೇರಿಹೋಗುತ್ತದೆ, ಇಂಗಾಲ ಮಾತ್ರ ಅನಿಲವಾಗಿ ಹೊರಡುತ್ತದೆ. ಪುಡಿ ನಯವಾದಷ್ಟೂ ಗುಳ್ಳೆ ಸಣ್ಣವು, ಒತ್ತೊತ್ತಾಗಿ ಏಳುತ್ತವೆ. ತರಿ ದಪ್ಪವಾದಷ್ಟೂ ದೊಡ್ಡವು, ವಿರಳ. ಗ್ಲೇಜಿನಲ್ಲಿ ತಾಮ್ರ ಇದ್ದರೆ ಇನ್ನೊಂದು ವಿಶೇಷ ನಡೆಯುತ್ತದೆ. ಕಾರ್ಬೈಡಿನ ಕಣ ತನಗೆ ಬೇಕಾದ ಆಕ್ಸಿಜನ್ನನ್ನು ತಾಮ್ರದಿಂದಲೇ ಕಸಿಯುವುದರಿಂದ, ಹೊಗೆಯಿಲ್ಲದ ಆವಿಗೆಯಲ್ಲಿಯೂ ಕಣದ ಸುತ್ತ ಕೆಂಪು ಮೂಡಬಹುದು. ಹಸಿರು ಬಟ್ಟಲಿನ ಕುಳಿಯೊಳಗೆ ನೇರಳೆಗೆಂಪಿನ ಚುಕ್ಕೆ ಕಂಡರೆ ಕಾರಣ ಇದೇ ಇರುವ ಸಂಭವ ಹೆಚ್ಚು. ಕಾವಿನ ಶಿಖರದಲ್ಲಿ ಹೆಚ್ಚು ಹೊತ್ತು ನಿಲ್ಲಿಸಿದರೆ ಗಾಜು ತೆಳುವಾಗಿ ಹರಿದು ಕುಳಿಗಳನ್ನು ತುಂಬಿ ನುಣುಪಾಗುತ್ತದೆ. ಬೇಗ ತಣಿಸಿದರೆ ಕುಳಿಯ ಬಾಯಿ ಚೂಪಾಗಿಯೇ ಉಳಿಯುತ್ತದೆ. ಒಡೆದ ಗಾಜಿನಷ್ಟು ಹರಿತವಾದ ಆ ಬಾಯಿಗಳನ್ನು ಆಮೇಲೆ ಕಾರ್ಬೊರಂಡಮ್ ಕಲ್ಲಿನಿಂದ ತಿಕ್ಕಬೇಕು. ಕುಳಿ ಎಬ್ಬಿಸಿದ್ದೂ ಅದನ್ನು ಸವರಿದ್ದೂ ಒಂದೇ ವಸ್ತು. ಬೇಕಾದರೆ ಮೇಲೊಂದು ಬೇರೆ ಬಣ್ಣದ ಗ್ಲೇಜು ಹೊಯ್ದು ಮತ್ತೆ ಸುಡಬಹುದು. ಅದು ತಗ್ಗುಗಳಲ್ಲಿ ಮಡುಗಟ್ಟಿ ಏರುಗಳ ಮೇಲೆ ತೆಳುವಾಗುತ್ತದೆ.

ಇಂಥ ದಪ್ಪ ಗಾಜನ್ನು ತೆಳುವಾದ ಗೋಡೆಯ ಮೇಲೆ ನಿಲ್ಲಿಸುವುದು ಅಪಾಯದ ಕೆಲಸ. ತಣಿಯುವಾಗ ಮಣ್ಣೂ ಗಾಜೂ ಕುಗ್ಗುವ ಪ್ರಮಾಣ ಬೇರೆ ಬೇರೆ. ಗಾಜು ಹೆಚ್ಚು ಕುಗ್ಗಿದರೆ ಕೂದಲೆಳೆಯಂಥ ಬಿರುಕು, ಮಣ್ಣು ಹೆಚ್ಚು ಕುಗ್ಗಿದರೆ ಗ್ಲೇಜು ಚಕ್ಕೆಯಾಗಿ ಸಿಡಿಯುತ್ತದೆ, ಕೆಲವೊಮ್ಮೆ ಪಾತ್ರೆಯೇ ಸೀಳುತ್ತದೆ. ಗರ್ಟ್ರೂಡಳ ಬಟ್ಟಲು ಓಟೋನ ಗ್ಲೇಜನ್ನು ತಾಳಿಕೊಂಡು ಹೊರಬಂದಾಗ ಕೈಗೆ ಎತ್ತಿಕೊಂಡರೆ ಎರಡೂ ಒಟ್ಟಿಗೆ ತಿಳಿಯುತ್ತವೆ: ಕಣ್ಣಿಗೆ ಬಂಡೆಯಂತೆ ಕಾಣುವ ವಸ್ತು ಅಂಗೈಯಲ್ಲಿ ಹಗುರ.

ಗರ್ಟ್ರೂಡ್ ತೀರಿಕೊಂಡ ಮೇಲೆ ಓಟೋ ತಿಗರಿಯ ನೆರವಿಲ್ಲದೆ, ಜೇಡಿಯನ್ನು ಹಲಗೆಗಳಾಗಿ ಕತ್ತರಿಸಿ ಜೋಡಿಸಿದ ಶಿಲ್ಪಗಳನ್ನು ಮಾಡಿದ. ಅವುಗಳಿಗೂ ತನ್ನ ಹಳೆಯ ಗ್ಲೇಜುಗಳನ್ನೇ ಹೊದಿಸಿದ.

ನಾಟ್ಸ್‌ಲರ್ ದಂಪತಿಯಲ್ಲಿ ಕಲಿತವರ ಪೈಕಿ ಹೆಸರಾದವರು ಓಹಾಯ್‌ನ ಬಿಯಾಟ್ರಿಸ್ ವುಡ್ (1893–1998). ಗ್ಲೇಜಿನಲ್ಲಿಯೇ ಲೋಹದ ಹೊಳಪು ಮೂಡಿಸುವ ಲಸ್ಟರ್ ವಿಧಾನ ಇವರ ಸಾಧನೆ.

ಓಟಿಸ್ ಗುಂಪು

ಪೀಟರ್ ವೌಲ್ಕೋಸ್ (1924–2002) ಮೊಂಟಾನಾ ರಾಜ್ಯದವರು. 1953ರ ಬೇಸಿಗೆಯಲ್ಲಿ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಪಾಠ ಹೇಳಿ, ನ್ಯೂಯಾರ್ಕಿನ ಹೊಸ ಚಿತ್ರಕಾರರನ್ನು ಕಂಡುಬಂದ ಮೇಲೆ ಇವರ ಕೈ ಬದಲಾಯಿತು. 1954ರಲ್ಲಿ ಲಾಸ್ ಏಂಜಲಿಸಿನ ಕೌಂಟಿ ಕಲಾ ಸಂಸ್ಥೆಯಲ್ಲಿ (ಮುಂದೆ ಓಟಿಸ್ ಎಂದು ಹೆಸರಾಯಿತು) ಸೆರಾಮಿಕ್ ವಿಭಾಗ ಕಟ್ಟಿದರು. ಪಾಲ್ ಸೋಲ್ಡ್‌ನರ್ ಮೊದಲ ವಿದ್ಯಾರ್ಥಿ. ಆಮೇಲೆ ಜಾನ್ ಮೇಸನ್, ಕೆನ್ ಪ್ರೈಸ್, ಬಿಲ್ಲಿ ಆಲ್ ಬೆಂಗ್‌ಸ್ಟನ್, ಹೆನ್ರಿ ಟಾಕೆಮೋಟೊ, ಮೈಕೆಲ್ ಫ್ರಿಮ್‌ಕೆಸ್ ಸೇರಿದರು. ಇಲ್ಲಿ ಪಾಠಕ್ಕಿಂತ ಒಟ್ಟಿಗೆ ದುಡಿಯುವುದೇ ಹೆಚ್ಚಾಗಿತ್ತು.

ವೌಲ್ಕೋಸರ ‘ರಾಕಿಂಗ್ ಪಾಟ್’ (1956) ತಿಗರಿಯ ಪಾತ್ರೆಯನ್ನು ಬೋರಲು ಹಾಕಿ, ತೂತು ಕೊರೆದು, ತೊಟ್ಟಿಲಿನ ತಳದಂತೆ ಬಾಗಿದ ಪಟ್ಟಿಗಳ ಮೇಲೆ ಕೂರಿಸಿದ ಕೃತಿ. ನೀರು ಹಿಡಿಯುವುದೆಂಬ ಮಡಕೆಯ ಧರ್ಮವನ್ನೇ ಅದು ಬಿಟ್ಟುಕೊಟ್ಟಿತು. ಮುಂದೆ ‘ಬ್ಲ್ಯಾಕ್ ಬ್ಯೂಟ್ ಡಿವೈಡ್’ (1958) ಮೊದಲಾದ ದೊಡ್ಡ ಕೃತಿಗಳಲ್ಲಿ ತಿಗರಿಯಲ್ಲಿ ತಿರುಗಿಸಿದ ಮುಚ್ಚಿದ ಕೊಳವೆಗಳನ್ನು ಒಂದರ ಮೇಲೊಂದು ಒಟ್ಟಿ ಬಡಿದು ಸೇರಿಸಿದರು. ದಪ್ಪ ಮಣ್ಣು ಸುಡುವಾಗ ಸಿಡಿಯದಿರಲು ಜೇಡಿಗೆ ಸುಟ್ಟ ಮಣ್ಣಿನ ತರಿ ಧಾರಾಳವಾಗಿ ಬೆರೆಸಬೇಕು, ವಾರಗಟ್ಟಲೆ ಒಣಗಿಸಬೇಕು, ಮತ್ತೆ 573 ಡಿಗ್ರಿಯ ಬಳಿ, ಬೆಣಚಿನ ಹರಳು ಒಮ್ಮೆಲೇ ಹಿಗ್ಗುವ ಹಂತದಲ್ಲಿ, ಕಾವನ್ನು ನಿಧಾನವಾಗಿ ಏರಿಸಬೇಕು. ಒರಟು ಮೈ ಹೀಗೆ ಅಭಿರುಚಿಯಷ್ಟೇ ಅಗತ್ಯದಿಂದಲೂ ಬಂದದ್ದು.

ಜಾನ್ ಮೇಸನ್ (1927–2019) ‘ಬ್ಲೂ ವಾಲ್’ (1959) ಕೃತಿಯನ್ನು ನೆಲದ ಮೇಲೆ ಜೇಡಿ ಹರಡಿ, ತುಂಡು ಮಾಡಿ ಸುಟ್ಟು, ಗೋಡೆಯಾಗಿ ಮರುಜೋಡಿಸಿದರು. ಉದ್ದ ಸುಮಾರು 21 ಅಡಿ. ಸೋಲ್ಡ್‌ನರ್ 1960ರ ಸುಮಾರಿಗೆ ಜಪಾನಿನ ರಾಕು ವಿಧಾನವನ್ನು ಬದಲಿಸಿ, ಕೆಂಡದಂತಿರುವ ಪಾತ್ರೆಯನ್ನು ಹೊರತೆಗೆದು ಎಲೆ, ಹೊಟ್ಟುಗಳ ಹೊಗೆಗೆ ಒಡ್ಡಿದರು. ವೌಲ್ಕೋಸ್ 1959ರಲ್ಲಿ ಬರ್ಕ್ಲಿಗೆ ಹೋದರು. ಜಾನ್ ಕೋಪ್ಲನ್ಸ್ 1966ರಲ್ಲಿ ಅರ್ವೈನ್‌ನಲ್ಲಿ ಏರ್ಪಡಿಸಿದ ಪ್ರದರ್ಶನದಿಂದ ಈ ಗುಂಪಿಗೆ ‘ಅಮೂರ್ತ ಅಭಿವ್ಯಕ್ತಿವಾದಿ ಸೆರಾಮಿಕ್’ ಎಂಬ ಹೆಸರು ನಿಂತಿತು. ಹೆಸರು ವೌಲ್ಕೋಸರಿಗೆ ಒಪ್ಪಿದಷ್ಟು ಪ್ರೈಸ್‌ಗೆ ಒಪ್ಪುವುದಿಲ್ಲ.

ಕಡಿಮೆ ಕಾವಿನ ಬಣ್ಣಗಳು

1,200 ಡಿಗ್ರಿ ದಾಟಿದ ಸ್ಟೋನ್‌ವೇರ್ ಕಾವಿನಲ್ಲಿ ಕಂದು, ಬೂದು, ಕಪ್ಪು ಸುಲಭ. ಕಡುಗೆಂಪು, ಕಿತ್ತಳೆ, ನಿಂಬೆಹಳದಿ ದುರ್ಲಭ. ಅವು 1,000ದಿಂದ 1,060 ಡಿಗ್ರಿಯ ಕಾವಿನಲ್ಲಿ ಉಳಿಯುತ್ತವೆ. ಹವ್ಯಾಸಿಗಳಿಗಾಗಿ ಡಬ್ಬಿಗಳಲ್ಲಿ ಮಾರುತ್ತಿದ್ದ ಇಂಥ ಗ್ಲೇಜುಗಳನ್ನು ಗಂಭೀರ ಕುಂಬಾರರು ಮುಟ್ಟುತ್ತಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಕಲಾವಿದರು ಮುಟ್ಟಿದರು. ಈ ಬದಲಾವಣೆಗೆ ಸಲ್ಲಬೇಕಾದ ಮಹತ್ವ ಇನ್ನೂ ಪೂರ್ತಿ ಸಂದಿಲ್ಲ.

1962ರಿಂದ ಡೇವಿಸ್‌ನ ವಿಶ್ವವಿದ್ಯಾಲಯದಲ್ಲಿ ಕಲಿಸಿದ ರಾಬರ್ಟ್ ಆರ್ನೆಸನ್ (1930–1992) ಇವರಲ್ಲಿ ಪ್ರಮುಖರು. ಶೌಚದ ಪೀಠವನ್ನೇ ಶಿಲ್ಪವಾಗಿಸಿದ ಇವರ ‘ಫಂಕ್ ಜಾನ್’ ಕೃತಿಯನ್ನು 1963ರಲ್ಲಿ ಓಕ್‌ಲ್ಯಾಂಡಿನ ಪ್ರದರ್ಶನದಿಂದ ತೆಗೆಸಲಾಯಿತು. ಸ್ವಂತ ಮುಖವನ್ನು ಮತ್ತೆ ಮತ್ತೆ ಮಾಡಿ ಹೊಳೆಯುವ ಬಣ್ಣ ತುಂಬಿದ ತಲೆಗಳು ಇವರ ಉತ್ತಮ ಕೃತಿಗಳು. ವಯೋಲಾ ಫ್ರೇ (1933–2004) ಆಳೆತ್ತರ ಮೀರಿದ ಮಾನವಾಕೃತಿಗಳನ್ನು ಭಾಗ ಭಾಗವಾಗಿ ಸುಟ್ಟು ಜೋಡಿಸಿ, ಗ್ಲೇಜನ್ನು ಕುಂಚದ ಬಣ್ಣದಂತೆಯೇ ಬಳಿದರು.

ರಾನ್ ನೇಗಲ್ (ಜನನ 1939) ಅಳತೆಯಲ್ಲಿ ಇದಕ್ಕೆ ತೀರ ಬೇರೆ. ಅಂಗೈಯಲ್ಲಿ ಕೂರುವಷ್ಟು ಸಣ್ಣ ಲೋಟಗಳಿಗೆ, ಹಿಂದೆ ಚಹಾ ಬಟ್ಟಲುಗಳ ಹೂಬಳ್ಳಿಗೆ ಬಳಸುತ್ತಿದ್ದ ಚೈನಾ ಪೇಂಟ್ ಹಚ್ಚಿ, 700–800 ಡಿಗ್ರಿಯ ಹದವಾದ ಕಾವಿನಲ್ಲಿ ಸುಟ್ಟು, ಮತ್ತೆ ಹಚ್ಚಿ ಮತ್ತೆ ಸುಟ್ಟು ಬಣ್ಣದ ಆಳ ತರುತ್ತಾರೆ. ಬೆಂಕಿ ಇಲ್ಲಿ ಇನ್ನೂ ಇದೆ, ಆದರೆ ಕೈಯ ಅಧೀನದಲ್ಲಿದೆ.

ಕೆನ್ ಪ್ರೈಸ್

ಲಾಸ್ ಏಂಜಲಿಸಿನಲ್ಲಿ ಹುಟ್ಟಿದ ಕೆನ್ ಪ್ರೈಸ್ (1935–2012) ಬಣ್ಣವನ್ನು ಆವಿಗೆಯಿಂದ ಹೊರಕ್ಕೇ ತಂದರು. ಇವರು ಗ್ಲೇಜ್ ತಿಳಿಯದವರಲ್ಲ. ಆಲ್ಫ್ರೆಡ್‌ನ ಸೆರಾಮಿಕ್ ಕಾಲೇಜಿನಲ್ಲಿ 1959ರಲ್ಲಿ ಸ್ನಾತಕೋತ್ತರ ಪದವಿ ಪಡೆದವರು. 1960ರಲ್ಲಿ ಲಾಸ್ ಏಂಜಲಿಸಿನ ಫೆರಸ್ ಗ್ಯಾಲರಿಯಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನ. ಆ ದಶಕದ ಮೊಟ್ಟೆಯಾಕಾರದ ಶಿಲ್ಪಗಳಿಗೆ ಕಾರಿಗೆ ಬಳಿಯುವ ಬಗೆಯ ಮೆರುಗೆಣ್ಣೆ ಮತ್ತು ಅಕ್ರಿಲಿಕ್ ಬಳಸಿದರು. ಸುಟ್ಟ ಮೇಲೆ ಬಣ್ಣ ಬಳಿದರೆ ಅದು ಸೆರಾಮಿಕ್ ಹೇಗಾದೀತು ಎಂಬ ಆಕ್ಷೇಪ ಕುಂಬಾರರ ವಲಯದಿಂದ ಬಂತು; ಇಂದಿಗೂ ಪೂರ್ತಿ ಅಡಗಿಲ್ಲ.

1990ರ ದಶಕದಿಂದ ಮಾಡಿದ ಗುಡ್ಡೆ, ಗೆಡ್ಡೆ, ಮೃದ್ವಂಗಿಗಳನ್ನು ನೆನಪಿಸುವ ಶಿಲ್ಪಗಳಲ್ಲಿ ಈ ವಿಧಾನ ಪಕ್ವವಾಯಿತು. ಸುಟ್ಟ ಮಣ್ಣಿನ ಸಣ್ಣ ಏರುತಗ್ಗಿನ ಮೈಗೆ ಬೇರೆ ಬೇರೆ ಬಣ್ಣದ ಅಕ್ರಿಲಿಕ್ಕನ್ನು ಸುಮಾರು 70 ಪದರಗಳವರೆಗೆ ಬಳಿದು, ಆಮೇಲೆ ಒದ್ದೆ ಮರಳುಕಾಗದದಿಂದ ಉಜ್ಜುವುದು. ಏರುಗಳಲ್ಲಿ ಬಣ್ಣ ಹೆಚ್ಚು ಸವೆದು ಒಳಗಿನ ಪದರಗಳು ತೆರೆದುಕೊಳ್ಳುತ್ತವೆ. ಹಳೆಯ ಮನೆಯ ಬಾಗಿಲನ್ನು ಉಜ್ಜಿದಾಗ ಹಿಂದಿನ ವರ್ಷಗಳ ಬಣ್ಣವೆಲ್ಲ ಸುತ್ತುಸುತ್ತಾಗಿ ಕಾಣುವಂತೆ. ಹತ್ತು ಹೆಜ್ಜೆ ದೂರದಿಂದ ನೇರಳೆಯಾಗಿ ಕಂಡ ಶಿಲ್ಪ ಹತ್ತಿರ ಬಂದರೆ ನೇರಳೆಯೇ ಅಲ್ಲ: ಸಾಸಿವೆಗಾತ್ರದ ಒಂದೊಂದು ಚುಕ್ಕೆಯಲ್ಲೂ ಹಸಿರಿನೊಳಗೆ ಕಿತ್ತಳೆ, ಕಿತ್ತಳೆಯೊಳಗೆ ನೀಲಿ. ನಾಟ್ಸ್‌ಲರ್ ಬಟ್ಟಲಿನಲ್ಲಿ ಗುಳ್ಳೆಯೊಡೆದು ಒಳಪದರ ಕಂಡಿತು. ಇಲ್ಲಿ ಕೈ ಉಜ್ಜಿ ಕಾಣಿಸಿತು. 2012ರಲ್ಲಿ ಲಾಸ್ ಏಂಜಲಿಸ್ ಕೌಂಟಿ ಕಲಾ ವಸ್ತುಸಂಗ್ರಹಾಲಯ ಇವರ ಸಮಗ್ರ ಪ್ರದರ್ಶನ ನಡೆಸಿತು. ವಿನ್ಯಾಸ ಗೆಳೆಯ ಫ್ರಾಂಕ್ ಗೆರಿಯದು.

ಭಾರತದ ನಂಟು

ಬಿಯಾಟ್ರಿಸ್ ವುಡ್ 1961ರಲ್ಲಿ ಭಾರತಕ್ಕೆ ಬಂದರು, ಮಂಗಳೂರಿನವರಾದ ಕಮಲಾದೇವಿ ಚಟ್ಟೋಪಾಧ್ಯಾಯರ ಆಹ್ವಾನದ ಮೇಲೆ ಮುಂದೆ ಮತ್ತೆ ಬಂದರು. ಆಮೇಲೆ ಸೀರೆಯೇ ಅವರ ಉಡುಗೆಯಾಯಿತು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸೆರಾಮಿಕ್ ಕಲಿತ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಪುದುಚೇರಿಯಲ್ಲಿ ಗೋಲ್ಡನ್ ಬ್ರಿಜ್ ಪಾಟರಿ ಸ್ಥಾಪಿಸಿದರು. ಭಾರತದ ಇಂದಿನ ಸ್ಟುಡಿಯೊ ಸೆರಾಮಿಕ್ ಕಲಾವಿದರಲ್ಲಿ ಹಲವರು ಅಲ್ಲಿ ಕಲಿತವರು.

ಸಂರಕ್ಷಣೆ

ಈ ಪರಂಪರೆಯ ಕೃತಿಗಳನ್ನು ಒಂದೇ ಬಗೆಯಲ್ಲಿ ಕಾಪಾಡಲಾಗದು. ಕುಳಿ ಗ್ಲೇಜು ಗಾಜೇ ಆದ್ದರಿಂದ ಬಣ್ಣ ಮಾಸುವುದಿಲ್ಲ. ಕುಳಿಗಳಲ್ಲಿ ಸೇರಿದ ದೂಳನ್ನು ಮೃದುವಾದ ಕುಂಚದಿಂದ ತೆಗೆಯುತ್ತಾರೆ. ಕಡಿಮೆ ಕಾವಿನ ಮಣ್ಣು ನೀರು ಹೀರುವುದರಿಂದ ಬಿರುಕಿನ ಮೂಲಕ ಕಲೆ ಇಳಿಯದಂತೆ ನೋಡಿಕೊಳ್ಳಬೇಕು. ಪ್ರೈಸ್ ಶಿಲ್ಪಗಳ ಅಕ್ರಿಲಿಕ್ ಮೈಗೆ ದ್ರಾವಕ ತಾಗಬಾರದು, ಬೆರಳ ಎಣ್ಣೆಯೂ ಗುರುತು ಬಿಡುತ್ತದೆ. ಮಣ್ಣಿನ ಶಿಲ್ಪವಾದರೂ ಅದನ್ನು ವರ್ಣಚಿತ್ರದಂತೆಯೇ ನೋಡಿಕೊಳ್ಳಬೇಕು.