ಶಾಸ್ತ್ರಕ್ಕೆ ಸೇರದ ಊಟ

ನಮ್ಮ ಹುಣಸೂರು ಸೀಮೆಯಲ್ಲಿ ಐನೂರು ವರ್ಷದ ಹಿಂದೆಯೇ ಒಬ್ಬ ದೊರೆ ಕನ್ನಡದಲ್ಲಿ ಅಡುಗೆ ಪುಸ್ತಕ ಬರೆದ ಅಂದರೆ ಎಷ್ಟು ಜನ ನಂಬುತ್ತೀರಿ? ಅವನು ಕಲ್ಲಹಳ್ಳಿಯ ಮೂರನೆಯ ಮಂಗರಸ, ಚೆಂಗಾಳ್ವರ ಕೈಕೆಳಗಿನ ಜೈನ ದೊರೆ. ಕಾಲ 1508ರ ಆಸುಪಾಸು. ಪುಸ್ತಕ ‘ಸೂಪಶಾಸ್ತ್ರ’, ಅದೂ ಷಟ್ಪದಿಯಲ್ಲಿ. ಭಕ್ಷ್ಯ, ಪಾನಕ, ಪಾಯಸ. ಬದನೆಕಾಯಿ ಒಂದನ್ನೇ ಬಗೆಬಗೆಯಾಗಿ ಮಾಡೋದು. ಬಾಳೆಕಾಯಿ, ಹಲಸು, ಬಿದಿರ ಕಳಲೆ. ಬಾಡಿನ ಸೊಲ್ಲೇ ಇಲ್ಲ.

ನಾಲಗೆಯ ರುಚಿಯನ್ನು ಕಾವ್ಯಕ್ಕೆ ತಂದವನನ್ನು ನಾವು ಹಳಿಯೋದಿಲ್ಲ. ಆದರೆ ಆ ಬದನೆ ಬೆಳೆದವನು, ಭತ್ತ ಕುಟ್ಟಿದವಳು, ಎಂಜಲೆಲೆ ಎತ್ತಿದವಳು ಏನು ಉಂಡರು? ಸತ್ತ ದನದ ಬಾಡನ್ನು ಒಣಗಿಸಿ ಮಳೆಗಾಲಕ್ಕೆ ಕೂಡಿಟ್ಟ ನಮ್ಮ ಅಜ್ಜಿಯರ ಅಡುಗೆ ಯಾವ ಷಟ್ಪದಿಗೂ ಇಳಿಯಲಿಲ್ಲ.

ಬಾಡೆಂದರೆ ಮೈಲಿಗೆ ಅಂತಲೋ? ಹಾಗಾದರೆ ಇನ್ನೂ ಹಿಂದಕ್ಕೆ ಹೋಗೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ ಹೊಲದ ಇಲಿಯನ್ನು ಬಿಸಿ ಎಣ್ಣೆಗೆ ಹಾಕಿ, ಕೂದಲು ತೆಗೆದು ಬೇಯಿಸೋ ಬಗೆ ಹೇಳುತ್ತೆ. ಆಮೆ, ಏಡಿಯನ್ನೂ ಬಿಟ್ಟಿಲ್ಲ. ದೊರೆ ತಿಂದರೆ ರಾಜಭೋಗ. ಕೊಯ್ಲಾದ ಗದ್ದೆಯಲ್ಲಿ ಬಿಲ ಅಗೆದು ನಮ್ಮೋರು ಹಿಡಿದರೆ ಥೂ! ದನದ ಮಾಂಸ ಬಿಟ್ಟವರು, ಸತ್ತ ದನ ತಿನ್ನುತ್ತಲೇ ಉಳಿದವರನ್ನು ಹೇಗೆ ಊರಾಚೆ ನಿಲ್ಲಿಸಿದರು ಅನ್ನೋದನ್ನ ಅಂಬೇಡ್ಕರ್ 1948ರಲ್ಲೇ ವಾದ ಹೂಡಿ ಬರೆದರು.

ಈಗ ಗಾಳಿ ತಿರುಗಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಸಾರಿತು. ಮುದ್ದೆ ಕಂಡರೆ ಮೂಗು ಮುರಿದವರೇ ರಾಗಿ ಬಿಸ್ಕತ್ತಿಗೆ ದುಡ್ಡು ಸುರೀತಾರೆ. ಸಂತೋಷವೇ. ಆದರೆ ಹುಣಸೂರು, ಪಿರಿಯಾಪಟ್ಟಣದ ಎಷ್ಟೋ ಹೊಲಗಳಲ್ಲಿ ಹೊಗೆಸೊಪ್ಪು ನಿಂತಿದೆ. ಅದನ್ನು ಕೊಯ್ಯೋ ಕೂಲಿಯವರು ರಾಗಿ ಕೊಂಡೇ ಉಣ್ಣಬೇಕು. ಕೆ.ಆರ್. ನಗರದ ನಾಲೆ ಬಯಲಲ್ಲಿ ನಾಟಿ ಹಾಕಿದವಳು ಅಕ್ಕಿಗಾಗಿ ಸೊಸೈಟಿ ಮುಂದೆ ಚೀಲ ಹಿಡಿದು ನಿಲ್ತಾಳೆ.

ಮಂಗರಸನ ಕಳಲೆಯ ಕಥೆ ಇನ್ನೂ ಕಹಿ. ಎಚ್.ಡಿ. ಕೋಟೆಯ ಜೇನುಕುರುಬರಿಗೆ ಕಳಲೆ, ಗೆಡ್ಡೆ, ಜೇನು ತಲತಲಾಂತರದ ಊಟ. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದ ಮೇಲೆ ಅದನ್ನು ಕೀಳಹೋದವರು ಕಳ್ಳರಾದರು. ಅದೇ ಕಾಡೊಳಗೆ 1990ರ ದಶಕದಲ್ಲಿ ತಾಜ್ ಗುಂಪಿನ ಹೋಟೆಲು ಏಳತೊಡಗಿತು. ಆದಿವಾಸಿಗಳು ಬೀದಿಗಿಳಿದರು, ಕೋರ್ಟಿಗೂ ಹೋದರು. 1997ರಲ್ಲಿ ಹೈಕೋರ್ಟು ಅದನ್ನು ತಡೆಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರು, ಜೇನು, ಗೆಡ್ಡೆಗಳ ಮೇಲೆ ಹಾಡಿಯವರಿಗೆ ಹಕ್ಕಿದೆ ಅಂತ ಒಪ್ಪಿತು. ಹಾಡಿಗಳ ಎಷ್ಟೋ ಅರ್ಜಿ ಇನ್ನೂ ಆಫೀಸುಗಳಲ್ಲಿ ಬಿದ್ದಿವೆ.