ಪದ ಪರಿಚಯ: ಸಾರು

ಅನ್ನಕ್ಕೆ ಕಲಸುವ, ಮುದ್ದೆಗೆ ಒದಗುವ ಸಾರು ಸಂಸ್ಕೃತದ ‘ಸಾರ’ದಿಂದ ಬಂದದ್ದು ಎನ್ನುವವರಿದ್ದಾರೆ. ಬೇಳೆ, ಸೊಪ್ಪುಗಳ ಸತ್ತ್ವ ನೀರಿಗಿಳಿದದ್ದೇ ಸಾರು ತಾನೆ ಎಂಬುದು ಅವರ ತರ್ಕ. ಅರ್ಥವೇನೋ ಹೊಂದುತ್ತದೆ, ಧ್ವನಿ ಹೊಂದುವುದಿಲ್ಲ. ತಮಿಳಿನಲ್ಲಿ ಹಿಂಡಿ ತೆಗೆದ ರಸಕ್ಕೆ ‘ಚಾಱು’ ಎನ್ನುತ್ತಾರೆ. ನಮ್ಮ ಕಬ್ಬಿನ ಹಾಲೂ ಅಲ್ಲಿ ಚಾಱೇ. ಮಲಯಾಳದಲ್ಲೂ ಇದೇ ರೂಪವಿದೆ. ತೆಲುಗಿನಲ್ಲಿ ಅದು ‘ಚಾರು’. ತಮಿಳು, ಮಲಯಾಳಗಳು ಇಲ್ಲಿ ಉಳಿಸಿಕೊಂಡಿರುವುದು ಹಳಗನ್ನಡದಲ್ಲೂ ಇದ್ದ ಶಕಟರೇಫೆಯನ್ನು, ಅಂದರೆ ‘ಱ’ಕಾರವನ್ನು. ಸಂಸ್ಕೃತದ ‘ಸಾರ’ವನ್ನು ಎರವಲು ಪಡೆದ ತಮಿಳು ಅದನ್ನು ಸಾಮಾನ್ಯ ರೇಫೆಯಲ್ಲೇ ಬರೆಯುತ್ತದೆ. ಹಾಗಾಗಿ ಇವು ಎರಡು ಬೇರೆ ಪದಗಳು. ಶಕಟರೇಫೆ ಅಳಿದ ಕನ್ನಡದಲ್ಲಿ ಮಾತ್ರ ಒಂದೇ ಬಳ್ಳಿಯವಂತೆ ಕೇಳಿಸುತ್ತವೆ.

ಮರಾಠಿಗರ ‘ಸಾರ್’ ಇದೆಯಲ್ಲ ಎಂದು ಕೇಳಬಹುದು. ಅದರ ಮೂಲ ಯಾವುದೇ ಇರಲಿ, ತಮಿಳಿನ ಶಕಟರೇಫೆಗೆ ಅದು ಕಾರಣ ಕೊಡಲಾರದು. ಇನ್ನು ಬಳಕೆ ನೋಡಿ. ‘ಸಾರ’ ನೆಲೆಸಿದ್ದು ಸಾರಾಂಶ, ನಿಸ್ಸಾರಗಳಂಥ ಗ್ರಂಥಭಾಷೆಯಲ್ಲಿ. ‘ಸಾರು’ ಬೆಳೆದದ್ದು ಒಲೆಯ ಮುಂದೆ: ಬೇಯಿಸಿ ಬಸಿದ ನೀರಿನದು ಬಸ್ಸಾರು, ಬೆಂದದ್ದನ್ನು ಮಸೆದು ಮಾಡಿದ್ದು ಮಸ್ಸಾರು, ಉಪ್ಪು ಮುಂದಾದದ್ದು ಉಪ್ಸಾರು, ಹೋಳಿಗೆಗೆ ಬೇಯಿಸಿದ ಬೇಳೆಯ ಕಟ್ಟಿನಿಂದ ಕಟ್ಟಿನ ಸಾರು. ಕೆಲವರ ಮನೆಯಲ್ಲಿ ತಿಳಿಯಾದದ್ದಷ್ಟೇ ಸಾರು, ತರಕಾರಿ ಬಿದ್ದರೆ ಹುಳಿ. ಮಂಡ್ಯದ ಕಡೆ ಗಟ್ಟಿಯಾದ ಕಾಳಿನದೂ ಸಾರೇ. ಮನೆಯಿಂದ ಮನೆಗೆ ಹದ ಬದಲಾದರೂ ಹೆಸರು ನಿಂತಿದೆ. ಅಡುಗೆಮನೆಯ ಆಡುಮಾತಿನಲ್ಲಿ ಇಷ್ಟು ಆಳಕ್ಕೆ ಬೇರಿಳಿಸಿದ ಪದವನ್ನು ದೇಸಿ ಎನ್ನಲು ಹಿಂಜರಿಯಬೇಕಿಲ್ಲ.