ಕೆಲಾಗ್ ಪ್ರತಿಷ್ಠಾನ

ಅಮೆರಿಕದ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ನಗರದಲ್ಲಿ 1930ರಲ್ಲಿ ಮಕ್ಕಳ ಕಲ್ಯಾಣಕ್ಕೆಂದು ಆರಂಭವಾದ ದತ್ತಿಸಂಸ್ಥೆ. ಸ್ಥಾಪಕ, ಕಾರ್ನ್‌ಫ್ಲೇಕ್ಸ್ ಉದ್ಯಮಿ ವಿಲ್ ಕೀತ್ ಕೆಲಾಗ್ (1860-1951). 1934ರಲ್ಲಿ ಈತ ಕಂಪನಿಯ ಷೇರುಗಳೂ ಸೇರಿದಂತೆ 6.6 ಕೋಟಿ ಡಾಲರಿಗೂ ಮೀರಿದ ಆಸ್ತಿಯನ್ನು ದತ್ತಿಯಾಗಿ ಬಿಟ್ಟುಕೊಟ್ಟ. ಸಂಸ್ಥೆಯ ಮೊದಲ ದೊಡ್ಡ ಕೆಲಸ ನಡೆದದ್ದು ಆರ್ಥಿಕ ಮಹಾಕುಸಿತದ ದಿನಗಳಲ್ಲಿ, ಮಿಷಿಗನ್ನಿನ ಏಳು ಕೌಂಟಿಗಳಲ್ಲಿ. ಹಳ್ಳಿಗಾಡಿಗೆ ಸಾರ್ವಜನಿಕ ಆರೋಗ್ಯ ಇಲಾಖೆಗಳು ಬಂದವು. ಶಾಲಾಮಕ್ಕಳ ತಪಾಸಣೆ, ಶಿಕ್ಷಕರ ಮತ್ತು ವೈದ್ಯರ ತರಬೇತಿ ಜೊತೆಗೂಡಿದವು. ಹಣ ಪ್ರತಿಷ್ಠಾನದ್ದು, ಹೊಣೆ ಊರಿನವರದು ಎಂಬುದು ಇಲ್ಲಿನ ಕ್ರಮ. ದಾನದ ಮೊತ್ತಕ್ಕಿಂತ ಇದೇ ಹೆಚ್ಚು ಗಮನಾರ್ಹ. 1931ರಲ್ಲಿ ಬ್ಯಾಟಲ್ ಕ್ರೀಕ್‌ನಲ್ಲಿ ತೆರೆದ ಆನ್ ಜೆ. ಕೆಲಾಗ್ ಶಾಲೆಯಲ್ಲಿ ಅಂಗವಿಕಲ ಮಕ್ಕಳು ಉಳಿದವರೊಂದಿಗೇ ಕಲಿತರು, ಆ ಕಾಲಕ್ಕೆ ಇದು ಅಪರೂಪ. ಮೆಕ್ಸಿಕೊ, ಹೈಟಿಗಳಲ್ಲೂ ಪ್ರತಿಷ್ಠಾನದ ಕಾರ್ಯಕ್ರಮಗಳಿವೆ.